ಹೊಸ ಕನ್ಸೋಲ್ ಹಾಗಿದೆಯಂತೆ, ಹೀಗಿದೆಯಂತೆ: ಯಾವ ಲೀಕ್ ನಂಬೋದು?

ಪ್ರಶ್ನೆ: ನನ್ನ ಹತ್ತಿರ ಇನ್ನೂ ಸೋನಿಯ ಗೇಮ್ ಕನ್ಸೋಲ್ ಪ್ಲೇಸ್ಟೇಷನ್ 4 ಇದೆ. ಪ್ಲೇಸ್ಟೇಷನ್ 5 ತಗೊಳ್ಳೋಣ ಅಂದುಕೊಂಡಾಗಲೆಲ್ಲ ಯಾವುದಾದರೂ ಒಂದು ಲೀಕ್ ಕಣ್ಣಿಗೆ ಬೀಳುತ್ತದೆ. ಮುಂದಿನ ಪ್ಲೇಸ್ಟೇಷನ್ 2027ಕ್ಕೇ ಬರುತ್ತದಂತೆ, ಮೆಮೊರಿ ಇಷ್ಟಂತೆ, ಟೆರಾಫ್ಲಾಪ್ ಅಷ್ಟಂತೆ, ಜೊತೆಗೆ ಕೈಯಲ್ಲಿ ಹಿಡಿದು ಆಡುವ ಮಾಡೆಲ್ ಕೂಡ ಇದೆಯಂತೆ. ಇವುಗಳಲ್ಲಿ ಕೆಲವು ಆಮೇಲೆ ನಿಜವೂ ಆಗುತ್ತವೆ. ನಿಜವಾದ ಲೀಕ್ ಯಾವುದು, ಕಾಗೆ ಹಾರಿಸಿದ್ದು ಯಾವುದು ಅಂತ ಹೇಗೆ ಗುರುತಿಸೋದು? ನಾನು ಕಾಯಲಾ, ಈಗಲೇ ಕೊಳ್ಳಲಾ?

ಉತ್ತರ: ಕೊಳ್ಳುವ ಮಾತು ಕೊನೆಗೆ. ಮೊದಲು ಲೀಕ್ ವಿಷಯ ನೋಡೋಣ.

ಒಂದು ಲೀಕ್ ನಿಜವಾ ಸುಳ್ಳಾ ಅಂತ ಕೇಳಿದರೆ ಉತ್ತರ ಸಿಗುವುದು ಕಷ್ಟ. ಹೆಚ್ಚಿನ ಲೀಕ್‌ಗಳಲ್ಲಿ ಎರಡೂ ಬೆರೆತಿರುತ್ತವೆ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಸಂಗತಿ ಇವತ್ತು ಯಾರಿಗೆ ಗೊತ್ತಿರಲು ಸಾಧ್ಯ? ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ ಅಂದರೆ, ಹೇಳಿದವರು ಎಷ್ಟೇ ದೊಡ್ಡ ಲೀಕರ್ ಆಗಿದ್ದರೂ ಅದು ಊಹೆ ಅಷ್ಟೇ. ಯಾರಿಗೋ ಗೊತ್ತಿರಬಹುದು ಅಂದರೆ, ಅವರಿಗೆ ಅದರಲ್ಲಿ ಎಷ್ಟು ಭಾಗ ಗೊತ್ತಿರುತ್ತದೆ ಅನ್ನುವುದು ಮುಂದಿನ ಪ್ರಶ್ನೆ.

ಇದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆ 2021ರದು. ಆ ವರ್ಷ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಒಂದು ವರದಿ ಮಾಡಿತು. ನಿಂಟೆಂಡೊ ಕಂಪನಿ ತನ್ನ ಸ್ವಿಚ್ ಕನ್ಸೋಲ್‌ನ ಹೊಸ ಮಾಡೆಲ್‌ಗಾಗಿ ಸ್ಯಾಮ್‌ಸಂಗ್‌ನಿಂದ 7 ಇಂಚಿನ ಓಎಲ್ಇಡಿ ಪರದೆ ತರಿಸುತ್ತಿದೆ, ಟಿವಿಗೆ ಜೋಡಿಸಿದಾಗ ಅದು 4ಕೆ, ಅಂದರೆ ತುಂಬ ಸ್ಪಷ್ಟವಾದ ಚಿತ್ರ ಕೊಡುತ್ತದೆ ಅಂತ. ಜನ ಅದಕ್ಕೆ ‘ಸ್ವಿಚ್ ಪ್ರೊ’ ಅಂತ ಹೆಸರನ್ನೂ ಇಟ್ಟಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಹಾಗೆ. ಜುಲೈ 6ಕ್ಕೆ ನಿಂಟೆಂಡೊ ಹೊಸ ಮಾಡೆಲ್ ಘೋಷಿಸಿತು. ಪರದೆ ಓಎಲ್ಇಡಿ, ಅಳತೆ ಸರಿಯಾಗಿ 7 ಇಂಚು. 4ಕೆ ಇಲ್ಲ. ಆಟ ಓಡಿಸುವ ಶಕ್ತಿಯೂ ಮೊದಲಿನಷ್ಟೇ.

ಜಾಲತಾಣಗಳಲ್ಲಿ ದೊಡ್ಡ ಗಲಾಟೆ ಆಯಿತು. ಕೆಲವರು ‘ಲೀಕ್ ನಿಜ ಆಯ್ತು’ ಅಂದರು, ಕೆಲವರು ‘ಲೀಕ್ ಸುಳ್ಳು’ ಅಂದರು. ನನ್ನ ಪ್ರಕಾರ ಅಲ್ಲಿ ಎರಡು ಬೇರೆ ಬೇರೆ ಸುದ್ದಿಗಳಿದ್ದವು. ಪರದೆಯ ಸುದ್ದಿ ಒಂದು. ಅದನ್ನು ಲಕ್ಷಗಟ್ಟಲೆ ಆರ್ಡರ್ ಮಾಡಬೇಕು, ಒಂದು ಕಾರ್ಖಾನೆ ತಯಾರಿಸಬೇಕು, ಇನ್ನೊಂದು ಕಾರ್ಖಾನೆ ಜೋಡಿಸಬೇಕು. ಆ ದಾರಿಯಲ್ಲಿ ನೂರಾರು ಜನರ ಕಣ್ಣಿಗೆ ಬೀಳುತ್ತದೆ. ಮುಚ್ಚಿಡುವುದು ಕಷ್ಟ. 4ಕೆ ಸುದ್ದಿ ಇನ್ನೊಂದು. ಅದು ಚಿಪ್‌ಗೂ ಸಾಫ್ಟ್‌ವೇರ್‌ಗೂ ಸೇರಿದ್ದು. ಪರದೆ ಮಾಡುವವರಿಗೆ ಪರದೆ ಗೊತ್ತು. ಅದರ ಹಿಂದೆ ಯಾವ ಚಿಪ್ ಕೂರುತ್ತದೆ ಅಂತ ಅವರಿಗೆ ಯಾರೂ ಹೇಳುವುದಿಲ್ಲ. ಟಿವಿಗೆ 4ಕೆ ಕೊಡುವ ಸ್ವಿಚ್ ಕೊನೆಗೆ ಬಂದಿದ್ದು 2025ರ ಜೂನ್ 5ಕ್ಕೆ, ಸ್ವಿಚ್ 2 ಹೆಸರಿನಲ್ಲಿ.

ಹಾಗಾದರೆ ಒಂದು ಕನ್ಸೋಲ್‌ನ ಯಾವ ಸಂಗತಿ ಯಾವಾಗ ಹೊರಗೆ ಬರಬಹುದು? ಎಲ್ಲಕ್ಕಿಂತ ಮೊದಲು ಹುಟ್ಟುವುದು ಚಿಪ್. ಕನ್ಸೋಲ್ ಅಂಗಡಿಗೆ ಬರುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ಅದರ ವಿನ್ಯಾಸ ಶುರುವಾಗಿರುತ್ತದೆ. ಆಮೇಲೆ ಡೆವ್‌ಕಿಟ್, ಅಂದರೆ ಆಟ ತಯಾರಿಸುವವರಿಗೆ ಮುಂಚೆಯೇ ಕೊಡುವ ಮಷಿನ್. ಇದು ಬೇರೆ ಬೇರೆ ದೇಶಗಳ ಸ್ಟುಡಿಯೋಗಳಿಗೆ ಹೋಗುವುದರಿಂದ ಗುಟ್ಟು ಬಯಲಾಗುವ ಮೊದಲ ದೊಡ್ಡ ಬಾಗಿಲು ಇದೇ. ಆಮೇಲೆ ಪರದೆ, ಮೆಮೊರಿ, ಬ್ಯಾಟರಿಯಂಥ ಬಿಡಿಭಾಗಗಳ ಆರ್ಡರ್. ಆಮೇಲೆ ಹೊರಕವಚದ ಅಚ್ಚು. ಕೊನೆಕೊನೆಗೆ ವೈರ್‌ಲೆಸ್ ಪರವಾನಗಿ, ಅಂಗಡಿಗಳ ಸ್ಟಾಕ್ ಪಟ್ಟಿ. ಬೆಲೆ ಎಲ್ಲಕ್ಕಿಂತ ಕೊನೆ. ಬೆಲೆ ಅನ್ನುವುದು ಒಂದು ಸಂಖ್ಯೆ ಮಾತ್ರ. ಅದಕ್ಕೆ ಅಚ್ಚು ಬೇಕಿಲ್ಲ, ಕಾರ್ಖಾನೆ ಬೇಕಿಲ್ಲ. ಹಿಂದಿನ ದಿನ ರಾತ್ರಿ ಕೂಡ ಬದಲಾಯಿಸಬಹುದು. ಎರಡು ವರ್ಷ ಮುಂಚೆ ಬೆಲೆ ಗೊತ್ತಾಗಿದೆ ಅಂತ ಯಾರಾದರೂ ಹೇಳಿದರೆ ನಾನು ಅಲ್ಲಿಗೇ ಓದು ನಿಲ್ಲಿಸುತ್ತೇನೆ.

ಚಿಪ್ ಮೊದಲು ಅಂದೆನಲ್ಲ, ಅದಕ್ಕೆ ಸ್ವಿಚ್ 2 ಒಳ್ಳೆಯ ಸಾಕ್ಷಿ. 2022ರ ಫೆಬ್ರವರಿಯಲ್ಲಿ, ಸ್ವಿಚ್‌ಗೆ ಚಿಪ್ ಕೊಡುವ ಎನ್‌ವಿಡಿಯಾ ಕಂಪನಿಯ ಮೇಲೆ ಹ್ಯಾಕರ್‌ಗಳ ದಾಳಿ ಆಯಿತು. ಕದ್ದು ಹೊರಗೆ ಹಾಕಿದ ಕಡತಗಳಲ್ಲಿ ಟಿ239 ಅನ್ನುವ ಚಿಪ್, ಎನ್‌ವಿಎನ್2 ಅನ್ನುವ ಗ್ರಾಫಿಕ್ಸ್ ಸಾಫ್ಟ್‌ವೇರ್ ಹೆಸರು ಕಂಡವು. ಗ್ರಾಫಿಕ್ಸ್ ಭಾಗದಲ್ಲಿ 1536 ‘ಕೂಡಾ’ (CUDA) ಕೋರ್, ಅಂದರೆ ಲೆಕ್ಕ ಮಾಡುವ ಪುಟ್ಟ ಘಟಕಗಳು ಇವೆ ಅಂತಲೂ ತಿಳಿಯಿತು. ಕನ್ಸೋಲ್ ಬರಲು ಇನ್ನೂ ಮೂರು ವರ್ಷಕ್ಕಿಂತ ಜಾಸ್ತಿ ಇತ್ತು! ಆ 1536 ಕೊನೆಗೂ ಸರಿಯಾಗಿಯೇ ಉಳಿಯಿತು. ಆದರೆ ಅದನ್ನು ಹಿಡಿದುಕೊಂಡು ‘ಹಾಗಾದರೆ ಈ ವರ್ಷವೇ ಬಂತು’ ಅಂದವರ ಮಾತು ಒಂದೊಂದೇ ವರ್ಷ ಮುಂದಕ್ಕೆ ಹೋಗುತ್ತಲೇ ಇತ್ತು. ಚಿಪ್ ಕಡತದಲ್ಲಿ ಬಿಡುಗಡೆ ದಿನಾಂಕ ಇರುವುದಿಲ್ಲ. ಅದನ್ನು ಸೇರಿಸಿದ್ದು ಓದುಗರು.

2024ರಲ್ಲಿ ಅದೇ ಸ್ವಿಚ್ 2ರ ಬಗ್ಗೆ ಇನ್ನೊಂದು ಬಗೆಯ ಲೀಕ್ ಬಂತು. ಇದು ನನಗೆ ಇನ್ನೂ ಸ್ವಾರಸ್ಯ ಅನ್ನಿಸಿತು, ಯಾಕೆಂದರೆ ಇಲ್ಲಿ ಯಾರೂ ಏನನ್ನೂ ಕದಿಯಲಿಲ್ಲ. ಸರಕು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಕಸ್ಟಮ್ಸ್ ದಾಖಲೆ ಆಗುತ್ತದೆ. ಕೆಲವು ದೇಶಗಳ ದಾಖಲೆಗಳನ್ನು ದುಡ್ಡು ಕೊಟ್ಟರೆ ಯಾರು ಬೇಕಾದರೂ ನೋಡಬಹುದು. ಅಭಿಮಾನಿಗಳು ಕೂತು ಆ ಸಾಲುಗಳನ್ನು ಹೆಕ್ಕಿದರು. ಸಾಲಿನಲ್ಲಿ ‘ಹೊಸ ಸ್ವಿಚ್’ ಅಂತೇನೂ ಬರೆದಿರುವುದಿಲ್ಲ. ಒಂದು ಸಂಕೇತ, ಬಿಡಿಭಾಗದ ವಿವರ, ಎಷ್ಟು ತುಂಡು ಅನ್ನುವುದು, ಅಷ್ಟೇ. ಆದರೆ ಅದರಲ್ಲಿ 6 ಜಿಬಿಯ ಎರಡು ಮೆಮೊರಿ ಚಿಪ್ ಇತ್ತು, 256 ಜಿಬಿ ಸ್ಟೋರೇಜ್ ಇತ್ತು. ಮುಂದಿನ ವರ್ಷ ಕನ್ಸೋಲ್ ಬಂದಾಗ 12 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಡಗಿಗೆ ಹತ್ತಿಸಿದ ಸಾಮಾನು ಸುಳ್ಳು ಹೇಳುವುದು ಕಡಿಮೆ. ಅಂಥ ಒಣ, ಬೇಜಾರಿನ ಲೀಕ್ ಕಂಡರೆ ನನಗೆ ನಂಬಿಕೆ ಜಾಸ್ತಿ. ‘ನನ್ನ ಮೂಲಗಳು ಹೇಳಿದ್ದು’ ಅನ್ನುವ ಒಂದು ಗಂಟೆಯ ವಿಡಿಯೋ ಕಂಡರೆ ಅಷ್ಟಿಲ್ಲ.

ಈಗ ಟೆರಾಫ್ಲಾಪ್ ಮಾತಿಗೆ ಬರೋಣ. ಗ್ರಾಫಿಕ್ಸ್ ಚಿಪ್ ಒಂದು ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಅನ್ನುವ ಅಳತೆ ಇದು. ನೀವು ಕೇಳಿದ್ದರಲ್ಲಿ ಜನ ಅತಿ ಹೆಚ್ಚು ಜಗಳ ಆಡುವುದು ಇದಕ್ಕೇ. ಇದರ ಲೆಕ್ಕ ಒಂದು ಸಲ ಗೊತ್ತಾದರೆ ಅರ್ಧ ಲೀಕ್‌ಗಳನ್ನು ನೀವೇ ಕೂತು ಪರೀಕ್ಷೆ ಮಾಡಬಹುದು.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎರಡಕ್ಕೂ ಚಿಪ್ ಕೊಡುವ ಕಂಪನಿ ಎಎಂಡಿ. ಎಎಂಡಿಯ ಗ್ರಾಫಿಕ್ಸ್ ಚಿಪ್‌ನಲ್ಲಿ ಕಂಪ್ಯೂಟ್ ಯೂನಿಟ್ ಅಂತ ಇರುತ್ತವೆ. ಒಂದೊಂದರಲ್ಲಿ 64 ಪುಟ್ಟ ಲೆಕ್ಕಿಗರು. ಪ್ರತಿಯೊಬ್ಬ ಲೆಕ್ಕಿಗ ಗಡಿಯಾರದ ಒಂದು ಬಡಿತಕ್ಕೆ ಎರಡು ಲೆಕ್ಕ ಮಾಡುತ್ತಾನೆ, ಒಂದು ಗುಣಾಕಾರ, ಒಂದು ಕೂಡಿಕೆ. ಹಾಗಾಗಿ ಯೂನಿಟ್‌ಗಳ ಸಂಖ್ಯೆಯನ್ನು 64ರಿಂದ ಗುಣಿಸಿ, 2ರಿಂದ ಗುಣಿಸಿ, ಕೊನೆಗೆ ಗಿಗಾಹರ್ಟ್ಸ್‌ನಲ್ಲಿರುವ ವೇಗದಿಂದ ಗುಣಿಸಿ 1000ದಿಂದ ಭಾಗಿಸಿದರೆ ಟೆರಾಫ್ಲಾಪ್ ಸಿಗುತ್ತದೆ.

2019ರ ಕೊನೆಯ ಹೊತ್ತಿಗೆ ಪ್ಲೇಸ್ಟೇಷನ್ 5 ಬಗ್ಗೆ ವದಂತಿಗಳು ಮುಗಿಲು ಮುಟ್ಟಿದ್ದವು. 13 ಟೆರಾಫ್ಲಾಪ್ ಅಂತ ಒಬ್ಬರು, ಇನ್ನೂ ಜಾಸ್ತಿ ಅಂತ ಇನ್ನೊಬ್ಬರು. ಆಗಲೇ ಪ್ರೋಗ್ರಾಂ ಕೋಡ್ ಇಡುವ ಗಿಟ್‌ಹಬ್ ತಾಣದಲ್ಲಿ ಎಎಂಡಿಯ ಪರೀಕ್ಷಾ ಮಾಹಿತಿ ಸಿಕ್ಕಿತು. ‘ಓಬೆರಾನ್’ ಅನ್ನುವ ಚಿಪ್, 36 ಯೂನಿಟ್, 2 ಗಿಗಾಹರ್ಟ್ಸ್. ಲೆಕ್ಕ ಹಾಕಿದರೆ 9.2 ಟೆರಾಫ್ಲಾಪ್. ಸೋನಿ ಅಭಿಮಾನಿಗಳಿಗೆ ಇದು ಹಿಡಿಸಲಿಲ್ಲ. ಅದು ಹಳೆಯ ಚಿಪ್, ಅದು ಡೆವ್‌ಕಿಟ್, ಅದು ಸುಮ್ನೆ ದಾರಿ ತಪ್ಪಿಸಲು ಬಿಟ್ಟಿದ್ದು ಅಂತ ಒಂದೊಂದು ಕಾರಣ ಹುಡುಕಿದರು. 2020ರ ಮಾರ್ಚ್ 18ಕ್ಕೆ ಪ್ಲೇಸ್ಟೇಷನ್‌ನ ಮುಖ್ಯ ವಿನ್ಯಾಸಕಾರ ಮಾರ್ಕ್ ಸೆರ್ನಿ ಬಂದು ಅಧಿಕೃತವಾಗಿ ಹೇಳಿದರು: 36 ಯೂನಿಟ್, ಗರಿಷ್ಠ 2.23 ಗಿಗಾಹರ್ಟ್ಸ್, 10.28 ಟೆರಾಫ್ಲಾಪ್.

ಇಲ್ಲಿ ಏನು ಸರಿಯಾಯಿತು, ಏನು ತಪ್ಪಾಯಿತು ಅಂತ ಗಮನಿಸಿ. 36 ಹಾಗೇ ಉಳಿಯಿತು. ವೇಗ ಬದಲಾಯಿತು. ಇದು ಕಾಕತಾಳೀಯ ಅಲ್ಲ. ಯೂನಿಟ್‌ಗಳು ಸಿಲಿಕಾನ್ ಮೇಲೆ ಕೆತ್ತಿದ್ದು. ಚಿಪ್ ತಯಾರಾದ ಮೇಲೆ ಅವನ್ನು ಹೆಚ್ಚಿಸಬೇಕಾದರೆ ಹೊಸ ಚಿಪ್ಪೇ ಮಾಡಬೇಕು. ವೇಗ ಹಾಗಲ್ಲ. ಚಿಪ್ ಎಷ್ಟು ಬಿಸಿಯಾಗುತ್ತದೆ, ಫ್ಯಾನ್ ಎಷ್ಟು ತಡೆಯುತ್ತದೆ, ಎಷ್ಟು ಕರೆಂಟ್ ಕೊಡಬಹುದು ಅನ್ನುವುದನ್ನು ನೋಡಿ ಕೊನೆಯ ಹಂತದಲ್ಲೂ ತಿರುಗಿಸಬಹುದು. 2013ರಲ್ಲಿ ಮೈಕ್ರೋಸಾಫ್ಟ್ ಇದನ್ನೇ ಮಾಡಿತು. ಎಕ್ಸ್‌ಬಾಕ್ಸ್ ಒನ್ ಘೋಷಿಸಿದ ಮೇಲೆ, ಮಾರಾಟಕ್ಕೆ ಕೆಲವೇ ತಿಂಗಳು ಇರುವಾಗ, ಗ್ರಾಫಿಕ್ಸ್ ವೇಗವನ್ನು 800ರಿಂದ 853 ಮೆಗಾಹರ್ಟ್ಸ್‌ಗೆ, ಪ್ರೊಸೆಸರ್ ವೇಗವನ್ನು 1.6ರಿಂದ 1.75 ಗಿಗಾಹರ್ಟ್ಸ್‌ಗೆ ಏರಿಸಿತು. ಮೆಮೊರಿ ಗಾತ್ರವೂ ತಡವಾಗಿ ಬದಲಾಗಬಹುದು. ಪ್ಲೇಸ್ಟೇಷನ್ 4ರ ಬಗ್ಗೆ ಬಂದ ವದಂತಿಗಳು ಬಹುಪಾಲು 4 ಜಿಬಿ ಅನ್ನುತ್ತಿದ್ದವು. 2013ರ ಫೆಬ್ರವರಿ 20ರಂದು ವೇದಿಕೆ ಮೇಲೆ ಸೋನಿ 8 ಜಿಬಿ ಅಂದಾಗ ಎಲ್ಲರೂ ಹುಬ್ಬೇರಿಸಿದರು. ಹಾಗಾಗಿ ಲೀಕ್‌ನಲ್ಲಿ ಯೂನಿಟ್ ಎಷ್ಟು ಅಂತ ಇದ್ದರೆ ನಾನು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ವೇಗ, ಮೆಮೊರಿ ಇದ್ದರೆ ಪೆನ್ಸಿಲ್‌ನಲ್ಲಿ.

ದಾಖಲೆ ನಿಜವಾಗಿದ್ದೂ ಓದಿದ್ದು ತಪ್ಪಾಗುವುದೂ ಉಂಟು. 2024ರ ಮಾರ್ಚ್‌ನಲ್ಲಿ ಪ್ಲೇಸ್ಟೇಷನ್ 5 ಪ್ರೊ ವಿವರಗಳು ಹೊರಬಿದ್ದವು. ‘ಟ್ರಿನಿಟಿ’ ಅನ್ನುವ ಗುಟ್ಟಿನ ಹೆಸರು, ಎಐ ಬಳಸಿ ಚಿತ್ರವನ್ನು ಸ್ಪಷ್ಟಗೊಳಿಸುವ ಪಿಎಸ್‌ಎಸ್‌ಆರ್ ಅನ್ನುವ ಹೊಸ ತಂತ್ರ, ಚಿತ್ರ ಮೂಡಿಸುವುದರಲ್ಲಿ ಶೇ 45 ಹೆಚ್ಚು ವೇಗ. ಸೆಪ್ಟೆಂಬರ್ 10ಕ್ಕೆ ಸೋನಿ ಘೋಷಿಸಿದಾಗ ಪಿಎಸ್‌ಎಸ್‌ಆರ್ ಇತ್ತು, ಶೇ 45 ಕೂಡ ಇತ್ತು. ಆದರೆ ಲೀಕ್‌ನಲ್ಲಿ 33.5 ಟೆರಾಫ್ಲಾಪ್ ಅಂತ ಇತ್ತು. ಸೆರ್ನಿ ಆಮೇಲೆ ಹೇಳಿದ ಅಧಿಕೃತ ಅಂಕಿ 16.7. ಸರಿಯಾಗಿ ಅರ್ಧ! ಹೊಸ ಪೀಳಿಗೆಯ ಎಎಂಡಿ ಚಿಪ್‌ಗಳಲ್ಲಿ ಒಂದೇ ಬಡಿತಕ್ಕೆ ದುಪ್ಪಟ್ಟು ಲೆಕ್ಕ ಮಾಡುವ ದಾರಿ ಇದೆ. ಅದನ್ನು ಸೇರಿಸಿ ಎಣಿಸಿದರೆ 33.5. ನಾನು ಮೇಲೆ ಹೇಳಿದ ಹಳೆಯ ರೀತಿಯಲ್ಲಿ, 60 ಯೂನಿಟ್‌ಗೆ ಎಣಿಸಿದರೆ 16.7. ಈಗ ಯೋಚಿಸಿ, ಶೇ 45 ವೇಗ ಹೆಚ್ಚು ಅಂತ ಹೇಳುವ ಲೀಕ್‌ನಲ್ಲೇ ಶಕ್ತಿ ಮೂರು ಪಟ್ಟಿಗಿಂತ ಜಾಸ್ತಿ ಅಂತ ಕಂಡರೆ ಏನೋ ಎಡವಟ್ಟಾಗಿದೆ ಅಂತ ಅನ್ನಿಸಬೇಕಲ್ವಾ? ತುಂಬ ಜನ ದೊಡ್ಡ ಅಂಕಿಯನ್ನೇ ಹಿಡಿದುಕೊಂಡರು.

ನಿಮಗೆ ಈಗ ಕಾಣುತ್ತಿರುವ ಮುಂದಿನ ಪ್ಲೇಸ್ಟೇಷನ್ ಲೀಕ್‌ಗಳಲ್ಲಿ ಟೆರಾಫ್ಲಾಪ್ ಎಷ್ಟೇ ಇರಲಿ, ಯಾವ ರೀತಿ ಎಣಿಸಿದ್ದು ಅಂತ ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ.

ಪೇಟೆಂಟ್ ಚಿತ್ರಗಳ ವಿಷಯ ಸ್ವಲ್ಪ ಬೇರೆ. ಕಂಪನಿಗಳು ಮಾಡಲೇಬೇಕು ಅಂದುಕೊಂಡಿದ್ದಕ್ಕೆ ಮಾತ್ರ ಪೇಟೆಂಟ್ ಹಾಕುವುದಿಲ್ಲ. ನಾಳೆ ಇನ್ನೊಬ್ಬರು ಮಾಡದಿರಲಿ ಅಂತಲೂ ಹಾಕುತ್ತವೆ. 2015ರ ಕೊನೆಗೆ ನಿಂಟೆಂಡೊದ ಒಂದು ಪೇಟೆಂಟ್ ಅರ್ಜಿ ಬೆಳಕಿಗೆ ಬಂತು. ಮೊಟ್ಟೆಯಾಕಾರದ ಸಾಧನ, ಮುಂಭಾಗ ಪೂರ್ತಿ ಪರದೆ, ಹೆಬ್ಬೆರಳಿನ ಕಡ್ಡಿಗಳು ಪರದೆಯ ಮಧ್ಯದಿಂದಲೇ ಎದ್ದಿವೆ. ಆಗ ನಿಂಟೆಂಡೊ ‘ಎನ್‌ಎಕ್ಸ್’ ಅನ್ನುವ ಗುಟ್ಟಿನ ಕನ್ಸೋಲ್ ಮಾಡುತ್ತಿದೆ ಅಂತ ಮಾತ್ರ ಎಲ್ಲರಿಗೂ ಗೊತ್ತಿತ್ತು. 2016ರ ಮಾರ್ಚ್‌ನಲ್ಲಿ ಆ ಪೇಟೆಂಟ್‌ನಂತೆಯೇ ಇರುವ ಕಂಟ್ರೋಲರ್‌ನ ಫೋಟೋಗಳು ಬಂದವು. ಒಂದು ಅಲ್ಲ, ಬೇರೆ ಬೇರೆ ಕಡೆಯಿಂದ ಎರಡು. ಎರಡು ಕಡೆಯಿಂದ ಒಂದೇ ವಸ್ತು ಕಂಡರೆ ನಿಜ ಇರಲೇಬೇಕು ಅಂತ ಜನ ನಂಬಿದರು. ಕೆಲವೇ ದಿನಗಳಲ್ಲಿ ಮಾಡಿದವರೇ ಬಂದು ಒಪ್ಪಿಕೊಂಡರು. ಒಬ್ಬರು ಕಂಪ್ಯೂಟರ್‌ನಲ್ಲಿ ಚಿತ್ರ ತಯಾರಿಸಿದ್ದರು. ಇನ್ನೊಬ್ಬರು ಅದನ್ನು ನೋಡಿ ನಿಜವಾದ ವಸ್ತುವನ್ನೇ ಮಾಡಿಟ್ಟು ಫೋಟೋ ತೆಗೆದಿದ್ದರು. ಎರಡನೆಯದು ಮೊದಲನೆಯದಕ್ಕೆ ಸಾಕ್ಷಿ ಆಗಿರಲಿಲ್ಲ, ಅದರ ಮಗು ಆಗಿತ್ತು. ಹತ್ತು ಚಾನೆಲ್‌ಗಳು ಒಂದೇ ಮಾತು ಹೇಳಿದರೂ ಎಲ್ಲರೂ ಒಬ್ಬರಿಂದಲೇ ಕೇಳಿದ್ದರೆ ಅದು ಒಂದೇ ಮಾತು.

ಅದೇ ವರ್ಷ ಜುಲೈನಲ್ಲಿ ಗೇಮಿಂಗ್ ಸುದ್ದಿತಾಣ ಯೂರೋಗೇಮರ್ ಬರೆದ ವರದಿಗೆ ಚಿತ್ರದ ಅಬ್ಬರ ಇರಲಿಲ್ಲ. ಎನ್‌ಎಕ್ಸ್ ಕೈಯಲ್ಲೂ ಆಡಬಹುದಾದ, ಟಿವಿಗೂ ಜೋಡಿಸಬಹುದಾದ ಮಷಿನ್, ಎರಡು ಬದಿಯ ಕಂಟ್ರೋಲರ್ ಬಿಚ್ಚಿಕೊಳ್ಳುತ್ತವೆ, ಒಳಗೆ ಎನ್‌ವಿಡಿಯಾ ಟೆಗ್ರಾ ಚಿಪ್, ಆಟಗಳು ಕಾರ್ಟ್ರಿಜ್‌ನಲ್ಲಿ. ಅಕ್ಟೋಬರ್ 20ಕ್ಕೆ ಸ್ವಿಚ್ ಹೊರಬಂದಾಗ ಪ್ರತಿಯೊಂದೂ ಹೊಂದಿಕೊಂಡಿತು. ಅಷ್ಟು ಹೊತ್ತಿಗೆ ಡೆವ್‌ಕಿಟ್ ಸ್ಟುಡಿಯೋಗಳಲ್ಲಿತ್ತು. ಗೊತ್ತಿರಬಹುದಾದ ಜನ ಇದ್ದರು, ಗೊತ್ತಾಗುವ ಕಾಲವೂ ಆಗಿತ್ತು.

ಪೇಟೆಂಟ್ ನಿಜವಾಗಿಯೂ ನಿಜವಾದ ಒಂದು ಪ್ರಸಂಗವೂ ಇದೆ. 2019ರ ಆಗಸ್ಟ್‌ನಲ್ಲಿ ಬ್ರೆಜಿಲ್‌ನ ಪೇಟೆಂಟ್ ಕಚೇರಿಯಿಂದ ಸೋನಿಯ ಒಂದು ಚಿತ್ರ ಸಿಕ್ಕಿತು. ನಡುವೆ ಇಂಗ್ಲಿಷಿನ ‘ವಿ’ ಅಕ್ಷರದಂಥ ದೊಡ್ಡ ತಗ್ಗು, ಎಲ್ಲ ಕಡೆ ಗಾಳಿಗಿಂಡಿ. ಪ್ಲೇಸ್ಟೇಷನ್ 5 ಹೀಗೇ ಇರುತ್ತದೆ ಅಂತ ಹಬ್ಬಿತು. ಅದು ಪ್ಲೇಸ್ಟೇಷನ್ 5ರದ್ದೇ, ಆದರೆ ಡೆವ್‌ಕಿಟ್‌ನದು. ಮನೆಗೆ ಬಂದಿದ್ದು ಬಿಳಿ ರೆಕ್ಕೆಯ ಬೇರೆಯೇ ಮಷಿನ್.

ಸಂಪೂರ್ಣ ನಕಲಿಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2005ರಲ್ಲೇ ‘ನಿಂಟೆಂಡೊ ಆನ್’ ಅನ್ನುವ ವಿಡಿಯೋ ಹರಿದಾಡಿತ್ತು. ತಲೆಗೆ ಹಾಕಿಕೊಳ್ಳುವ ಹೆಲ್ಮೆಟ್‌ನಂಥ ಸಾಧನ. ಒಬ್ಬ ಅಭಿಮಾನಿ ಮಾಡಿದ್ದು. ಆಗ ಅದಕ್ಕೆ ನಿಜವಾದ ಕೌಶಲ ಬೇಕಿತ್ತು, ಈಗ ಎಐಗೆ ನಾಲ್ಕು ಸಾಲು ಬರೆದರೆ ಸಾಕು. ಬರೀ ಚಿತ್ರವನ್ನೇ ಸಾಕ್ಷಿ ಅಂತ ತಗೊಳ್ಳುವ ಕಾಲ ಮುಗಿಯಿತು.

ಇನ್ನು ಅತಿ ವಿಚಿತ್ರವಾದ ಜಾತಿ: ನೂರಕ್ಕೆ ನೂರು ಅಸಲಿ ದಾಖಲೆ, ಆದರೂ ನಿಜವಾಗದ ಭವಿಷ್ಯ. 2023ರ ಸೆಪ್ಟೆಂಬರ್‌ನಲ್ಲಿ ಇದು ಆಯಿತು. ಆಕ್ಟಿವಿಷನ್ ಬ್ಲಿಜಾರ್ಡ್ ಅನ್ನುವ ಗೇಮ್ ಕಂಪನಿಯ ಖರೀದಿ ಬಗ್ಗೆ ಅಮೆರಿಕದ ವ್ಯಾಪಾರ ನಿಯಂತ್ರಣ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಮೈಕ್ರೋಸಾಫ್ಟ್ ನಡುವೆ ಕೇಸು ನಡೆದಿತ್ತಲ್ಲ, ಆ ಕೇಸಿನ ಕಡತಗಳ ಜೊತೆ ಮೈಕ್ರೋಸಾಫ್ಟ್‌ನ ಒಳಗಿನ ಯೋಜನೆಗಳೂ ಬಯಲಾದವು. ಅದರಲ್ಲಿ ‘ಬ್ರೂಕ್ಲಿನ್’ ಅನ್ನುವ ಕನ್ಸೋಲ್ ಇತ್ತು. ಉರುಳೆಯಾಕಾರದ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಡಿಸ್ಕ್ ಹಾಕುವ ಜಾಗ ಇಲ್ಲ, 2 ಟಿಬಿ ಸ್ಟೋರೇಜ್, ಜೊತೆಗೆ ಹೊಸ ಕಂಟ್ರೋಲರ್. ಮುಂದಿನ ಪೀಳಿಗೆ 2028ಕ್ಕೆ ಅಂತಲೂ ಇತ್ತು. ಇದಕ್ಕಿಂತ ಗಟ್ಟಿ ಮೂಲ ಇನ್ನೆಲ್ಲಿ ಸಿಗುತ್ತದೆ ಹೇಳಿ? ಕೋರ್ಟಿನ ಕಡತ! ಆದರೆ ಆಗಿನ ಎಕ್ಸ್‌ಬಾಕ್ಸ್ ಮುಖ್ಯಸ್ಥ ಫಿಲ್ ಸ್ಪೆನ್ಸರ್ ಅವು ಹಳೆಯವು, ಆಮೇಲೆ ತುಂಬ ಬದಲಾಗಿದೆ ಅಂದರು. ಜನ ಅದನ್ನು ತೇಪೆ ಹಚ್ಚುವ ಮಾತು ಅಂದುಕೊಂಡರು. 2024ರಲ್ಲಿ ಮೈಕ್ರೋಸಾಫ್ಟ್ ಡಿಸ್ಕ್ ಇಲ್ಲದ ಸೀರೀಸ್ ಎಕ್ಸ್ ತಂದಿತು, 2 ಟಿಬಿಯ ಇನ್ನೊಂದು ಮಾಡೆಲನ್ನೂ ತಂದಿತು. ಎರಡೂ ಹಳೆಯ ಚೌಕದ ಡಬ್ಬಿಯಲ್ಲೇ. ಬ್ರೂಕ್ಲಿನ್ ಬರಲಿಲ್ಲ.

ಕಂಪನಿಗಳು ಒಳಗೆ ಹತ್ತು ಯೋಜನೆ ಹಾಕುತ್ತವೆ, ಎಂಟನ್ನು ಕೈಬಿಡುತ್ತವೆ. ಕೈಬಿಟ್ಟಿದ್ದರ ದಾಖಲೆಯೂ ಅಸಲಿಯೇ. ಲೀಕರ್‌ಗಳಿಗೆ ಇದರಿಂದ ಒಂದು ಅನುಕೂಲವೂ ಇದೆ. ಹೇಳಿದ್ದು ಬಂದರೆ ‘ನಾನು ಹೇಳಿದ್ದೆ’, ಬರದಿದ್ದರೆ ‘ಯೋಜನೆ ಬದಲಾಯಿತು’. ಹೀಗೆ ಎಂದೂ ಸೋಲದ ಆಟ ಆಡುವವರ ಹಳೆಯ ಮಾತುಗಳನ್ನು ಒಮ್ಮೆ ಹುಡುಕಿ ನೋಡಿ. ತಪ್ಪಾದದ್ದನ್ನು ಅಳಿಸದೆ ಉಳಿಸಿಕೊಂಡವರನ್ನು ನಾನು ಜಾಸ್ತಿ ನಂಬುತ್ತೇನೆ.

ಕಂಪನಿಗಳು ಇದಕ್ಕೆಲ್ಲ ಬಾಯಿ ಬಿಟ್ಟು ಹೌದು, ಅಲ್ಲ ಅಂತ ಯಾಕೆ ಹೇಳುವುದಿಲ್ಲ ಅಂತ ನಿಮಗೆ ಅನ್ನಿಸಬಹುದು. ಹೊಸದು ಬರುತ್ತದೆ ಅಂದ ಮರುದಿನ ಹಳೆಯದನ್ನು ಕೊಳ್ಳುವವರು ಕಡಿಮೆಯಾಗುತ್ತಾರೆ. 1983ರಲ್ಲಿ ಆಸ್ಬರ್ನ್ ಕಂಪ್ಯೂಟರ್ ಕಂಪನಿ ದಿವಾಳಿಯಾಯಿತು. ಮುಂದಿನ ಮಾಡೆಲ್ ಬಗ್ಗೆ ಮುಂಚೆಯೇ ಮಾತಾಡಿದ್ದೇ ಕಾರಣ ಅಂತ ಆ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಕಾರಣ ಅದೊಂದೇ ಆಗಿರಲಿಲ್ಲ, ಆದರೆ ಆ ಭಯ ಉಳಿದುಕೊಂಡಿದೆ. ಕಂಪನಿ ನಿರಾಕರಿಸಿದರೂ ಪದ ಪದ ನೋಡಬೇಕು. 2021ರ ಜುಲೈನಲ್ಲಿ ನಿಂಟೆಂಡೊ, ಓಎಲ್ಇಡಿ ಬಿಟ್ಟರೆ ‘ಸದ್ಯಕ್ಕೆ’ ಬೇರೆ ಮಾಡೆಲ್ ತರುವ ಯೋಜನೆ ಇಲ್ಲ ಅಂದಿತು. ಆ ‘ಸದ್ಯಕ್ಕೆ’ ಅನ್ನುವುದು ಅಲ್ಲಿ ಸುಮ್ನೆ ಕೂತಿರಲಿಲ್ಲ.

ಸರಿ, ನೀವು ಕೇಳಿದ ಲೀಕ್‌ಗೆ ಇದನ್ನೆಲ್ಲ ಹಚ್ಚಿ ನೋಡೋಣ.

ಮೊದಲು 2027. ಮೊದಲ ಪ್ಲೇಸ್ಟೇಷನ್ ಬಂದಿದ್ದು 1994ರಲ್ಲಿ, ಎರಡನೆಯದು 2000ದಲ್ಲಿ, ಮೂರನೆಯದು 2006ರಲ್ಲಿ. ನಾಲ್ಕನೆಯದು 2013ರಲ್ಲಿ, ಐದನೆಯದು 2020ರಲ್ಲಿ. ಕೊನೆಯ ಎರಡು ಅಂತರ ಏಳೇಳು ವರ್ಷ. 2020ಕ್ಕೆ ಏಳು ಕೂಡಿಸಲು ಒಳಗಿನ ಮೂಲ ಬೇಕಾ? 2027 ಅಂತ ಹೇಳಿ ಅದು ನಿಜವೇ ಆದರೂ ನಾನು ಆ ಲೀಕರ್‌ಗೆ ಅಂಕ ಕೊಡುವುದಿಲ್ಲ. ಕ್ಯಾಲೆಂಡರ್ ಹೇಳದ್ದನ್ನು ಹೇಳಿದರೆ ಮಾತ್ರ ಅದು ಸುದ್ದಿ.

ಗಟ್ಟಿಯಾಗಿ ಗೊತ್ತಿರುವುದೂ ಸ್ವಲ್ಪ ಇದೆ. 2025ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಮತ್ತು ಎಎಂಡಿ ಮುಂದಿನ ಎಕ್ಸ್‌ಬಾಕ್ಸ್ ಸಾಧನಗಳಿಗಾಗಿ ಹಲವು ವರ್ಷಗಳ ಒಪ್ಪಂದ ಘೋಷಿಸಿದವು. ಅಕ್ಟೋಬರ್‌ನಲ್ಲಿ ಮಾರ್ಕ್ ಸೆರ್ನಿ ಎಎಂಡಿಯ ಜ್ಯಾಕ್ ಹುಯ್ನ್ ಜೊತೆ ಕೂತು ‘ಪ್ರಾಜೆಕ್ಟ್ ಅಮೆಥಿಸ್ಟ್’ ಬಗ್ಗೆ ಮಾತಾಡಿದರು. ಬೆಳಕಿನ ಕಿರಣಗಳ ಲೆಕ್ಕಕ್ಕೇ ಮೀಸಲಾದ ರೇಡಿಯನ್ಸ್ ಕೋರ್, ಹಲವು ಯೂನಿಟ್‌ಗಳು ಒಟ್ಟಾಗಿ ಎಐ ಕೆಲಸ ಮಾಡುವ ನ್ಯೂರಲ್ ಅರೇ, ಮೆಮೊರಿಯ ದಟ್ಟಣೆ ಇಳಿಸುವ ಯೂನಿವರ್ಸಲ್ ಕಂಪ್ರೆಷನ್ ಅಂತ ಮೂರು ಸಂಗತಿ ಹೇಳಿದರು. ಇನ್ನು ಕೆಲವು ವರ್ಷಗಳಲ್ಲಿ ಒಂದು ಕನ್ಸೋಲ್‌ಗೆ ಇವನ್ನು ತರುವ ಆಸೆ ಇದೆ ಅಂದರು. ಆಗ ಅವು ಇನ್ನೂ ಸಿಮ್ಯುಲೇಷನ್‌ನಲ್ಲಿದ್ದವು, ಅಂದರೆ ಚಿಪ್ ಆಗದೆ ಕಂಪ್ಯೂಟರ್‌ನಲ್ಲೇ ಓಡಿಸಿ ನೋಡುವ ಹಂತದಲ್ಲಿದ್ದವು. ನನಗೆ ಇಲ್ಲಿ ಮುಖ್ಯ ಅನ್ನಿಸಿದ್ದು ಆ ಕೊನೆಯ ಮಾತು. 2025ರ ಅಕ್ಟೋಬರ್‌ನಲ್ಲಿ ತಂತ್ರಗಳೇ ಸಿಮ್ಯುಲೇಷನ್‌ನಲ್ಲಿವೆ ಅಂದರೆ, ಆ ಹೊತ್ತಿಗೆ ಅಂತಿಮ ವೇಗವಾಗಲಿ ಬೆಲೆಯಾಗಲಿ ತನಗೆ ಗೊತ್ತು ಅಂದವರ ಮಾತು ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಮೆಮೊರಿ ಗಾತ್ರ ಈಗ ಇನ್ನೂ ಅಲುಗಾಡುವ ಅಂಕಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ಅವುಗಳ ಬೆಲೆ ಜೋರಾಗಿ ಏರಿತು. ಕನ್ಸೋಲ್ ಮಾಡುವವರಿಗೆ ಇದು ದೊಡ್ಡ ತಲೆನೋವು. ಮೊದಲು ಅಂದುಕೊಂಡಷ್ಟು ಹಾಕಬೇಕಾ, ಕಡಿಮೆ ಮಾಡಬೇಕಾ, ಬಿಡುಗಡೆಯನ್ನೇ ಮುಂದೂಡಬೇಕಾ ಅನ್ನುವ ಲೆಕ್ಕ ಅವರ ಮೇಜಿನ ಮೇಲೆ ಇದ್ದೇ ಇರುತ್ತದೆ. ಹಾಗಾಗಿ ಈ ಏರಿಕೆಗೆ ಮುಂಚಿನ ಮೆಮೊರಿ ಲೀಕ್ ಆಗ ನಿಜವೇ ಆಗಿದ್ದರೂ ಈಗ ಹಳಸಿರಬಹುದು.

ಕೈಯಲ್ಲಿ ಹಿಡಿಯುವ ಮಾಡೆಲ್ ಬಗ್ಗೆ ‘ಕ್ಯಾನಿಸ್’ ಅನ್ನುವ ಹೆಸರೂ ಓಡಾಡುತ್ತಿದೆ. ಇರಲಾರದು ಅಂತ ನಾನು ಹೇಳುವುದಿಲ್ಲ. ಆದರೆ 2023ನ್ನು ನೆನಪಿಸಿಕೊಳ್ಳಿ. ಸೋನಿ ಕೈಯಲ್ಲಿ ಹಿಡಿಯುವ ಸಾಧನ ಮಾಡುತ್ತಿದೆ ಅಂತ ಲೀಕ್ ಬಂತು. ಸೋನಿಯ ಹಳೆಯ ಕೈಯಲ್ಲಿ ಹಿಡಿಯುವ ಕನ್ಸೋಲ್ ವೀಟಾದ ಹೊಸ ರೂಪ ಬಂತು ಅಂತ ಹಳೆಯ ಅಭಿಮಾನಿಗಳು ಕುಣಿದರು. ಲೀಕ್‌ನಲ್ಲೇ ಅದು ಮನೆಯ ಪ್ಲೇಸ್ಟೇಷನ್ 5ರಿಂದ ಸ್ಟ್ರೀಮ್ ಮಾಡುವ ಸಾಧನ ಅಂತ ಇತ್ತು. ಹಾಗೇ ಆಯಿತು, ಅದೇ ಪ್ಲೇಸ್ಟೇಷನ್ ಪೋರ್ಟಲ್. ಲೀಕ್ ಸರಿ ಇತ್ತು, ಓದಿದವರ ಆಸೆ ಜಾಸ್ತಿ ಆಗಿತ್ತು.

ಈಗ ನಿಮ್ಮ ಕೊಳ್ಳುವ ವಿಷಯ. ನಿಮ್ಮ ಹತ್ತಿರ ಪ್ಲೇಸ್ಟೇಷನ್ 4 ಇದೆ ಅಂದಿರಿ. ಪ್ಲೇಸ್ಟೇಷನ್ 5ಕ್ಕೆಂದೇ ಬಂದ, ನೀವು ಆಡಲೇಬೇಕು ಅನ್ನಿಸುವ ಎರಡು ಮೂರು ಆಟ ಇದ್ದರೆ ಲೀಕ್‌ಗಳಿಗಾಗಿ ಕಾಯಬೇಡಿ. ಹಳೆಯ ಪ್ಲೇಸ್ಟೇಷನ್ 4 ಆಟಗಳು ಹತ್ತಿರ ಹತ್ತಿರ ಎಲ್ಲವೂ ಅದರಲ್ಲಿ ಓಡುತ್ತವೆ. ಡಿಸ್ಕ್‌ಗಳಿದ್ದರೆ ಮಾತ್ರ ಡಿಸ್ಕ್ ಡ್ರೈವ್ ಇರುವ ಮಾಡೆಲ್ಲೇ ನೋಡಿ. ಕಾದರೆ ಬೆಲೆ ಇಳಿಯುತ್ತದೆ ಅನ್ನುವ ಹಳೆಯ ಲೆಕ್ಕ ಈ ಪೀಳಿಗೆಯಲ್ಲಿ ನಡೆದಿಲ್ಲ. 2025ರಲ್ಲಿ ಸೋನಿ, ಮೈಕ್ರೋಸಾಫ್ಟ್ ಎರಡೂ ಹಲವು ಕಡೆ ಬೆಲೆ ಏರಿಸಿದವು.

ಅಂಥ ಆಟ ಸದ್ಯ ಯಾವುದೂ ಇಲ್ಲ, ಇರುವುದರಲ್ಲೇ ಖುಷಿ ಇದೆ ಅಂದರೆ ಆರಾಮಾಗಿ ಕಾಯಿರಿ. ಅಧಿಕೃತ ಘೋಷಣೆ ಆದ ಮೇಲೂ ನಿಮಗೆ ಯೋಚಿಸಲು ಸಮಯ ಸಿಗುತ್ತದೆ. ಪ್ಲೇಸ್ಟೇಷನ್ 4 ಘೋಷಣೆಯಾಗಿದ್ದು 2013ರ ಫೆಬ್ರವರಿಯಲ್ಲಿ, ಮಾರಾಟಕ್ಕೆ ಬಂದಿದ್ದು ನವೆಂಬರ್‌ನಲ್ಲಿ. ಸ್ವಿಚ್ 2ಕ್ಕೆ ಜನವರಿಯಿಂದ ಜೂನ್. ಪ್ಲೇಸ್ಟೇಷನ್ 5 ಪ್ರೊಗೆ ಮಾತ್ರ ಎರಡೇ ತಿಂಗಳು, ಆದರೆ ಅದು ಹಳೆಯದರ ದೊಡ್ಡಣ್ಣ, ಹೊಸ ಪೀಳಿಗೆ ಅಲ್ಲ. ವೈರ್‌ಲೆಸ್ ಪರವಾನಗಿಯ ದಾಖಲೆ, ಅಂಗಡಿಗಳ ಸ್ಟಾಕ್ ಪಟ್ಟಿ, ಕವರ್ ಮತ್ತು ಚಾರ್ಜರ್ ಮಾಡುವವರ ಮಾದರಿಗಳು ಇವೆಲ್ಲ ಒಟ್ಟೊಟ್ಟಿಗೆ ಕಾಣಿಸಿಕೊಳ್ಳಲು ಶುರುವಾದರೆ ಆಗ ಕೊಳ್ಳುವ ಯೋಚನೆಯನ್ನು ಒಂದೆರಡು ತಿಂಗಳು ಮುಂದೆ ಹಾಕಿ. ಅಲ್ಲಿಯವರೆಗೆ ಬರುವ ಟೆರಾಫ್ಲಾಪ್ ಪಟ್ಟಿಗಳನ್ನು ನೋಡಿ ನಿಮ್ಮ ದುಡ್ಡಿನ ಲೆಕ್ಕ ಬದಲಾಯಿಸಬೇಡಿ.